ತವರಿನ ಯಂತ್ರ, ಮುಂಡರಗಿಯ ನೀರು

ಮುಂಡರಗಿ
೨೧೯೪, ಹದಿಮೂರನೆಯ ತಿಂಗಳು, ಮೊದಲ ಸೋಮವಾರ

ನನಗಿಂತ ಬಹಳ ಹಿಂದಿನ ಕಾಲದಲ್ಲಿ ಈ ಊರಿನಲ್ಲಿ ಹೊಸದಾಗಿ ಮನೆ ಮಾಡುತ್ತಿರುವ ನಿಮಗೆ ಗಾಳೆವ್ವನ ನಮಸ್ಕಾರ.

ಹದಿಮೂರನೆಯ ತಿಂಗಳು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ನನಗೆ ಗೊತ್ತು. ನಮ್ಮ ಹಿರಿಯರು ಎಲ್ಲ ತಿಂಗಳುಗಳನ್ನೂ ಸಮ ಮಾಡಿದಾಗ ಮಿಕ್ಕ ದಿನಗಳನ್ನು ಕೂಡಿಸಿ ಇದೊಂದನ್ನು ಕಟ್ಟಿದರು. ನನ್ನ ಕೆಲವು ಮಾತುಗಳೂ ನಿಮಗೆ ಹೀಗೆಯೇ ವಿಚಿತ್ರವಾಗಿ ಕೇಳಿಸಬಹುದು. ಕ್ಷಮಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ನೀವು ಅಡುಗೆಮನೆಯ ಗೋಡೆಗೆ ನೀರಿನ ಯಂತ್ರ ಸಿಕ್ಕಿಸುವ ಮೊದಲು ಈ ಕಾಗದ ನಿಮ್ಮ ಕೈ ಸೇರಬೇಕೆಂಬುದು ನನ್ನ ಆಸೆ.

ನಮ್ಮ ಮನೆ ಊರಿನ ಎತ್ತರದ ಭಾಗದಲ್ಲಿದೆ. ಮಾಳಿಗೆಯ ಮೇಲೆ ಬಿಸಿಲುಹಚ್ಚಡ ಹಾಸಿದ್ದೇವೆ. ಅದು ಕರೆಂಟು ಕೊಡುವ ಬಟ್ಟೆ, ಗಾಳಿ ಜೋರಾದ ದಿನ ಮಡಚಿ ಒಳಗಿಡಬೇಕು. ಮಳೆನೀರಿನ ತೊಟ್ಟಿ ಬೇಸಿಗೆ ಶುರುವಾಗುವ ಮೊದಲೇ ತಳ ಕಾಣುತ್ತದೆ. ಆಮೇಲೆ ಓಣಿಗೆಲ್ಲ ಒಂದೇ ಬೋರು. ಬಂಡೆಯ ಆಳದಿಂದ ಬರುವ ಆ ನೀರು ಗಾಜಿನಷ್ಟು ತಿಳಿ, ಬಾಯಿಗೂ ರುಚಿ.

ಗೃಹಪ್ರವೇಶಕ್ಕೆ ನನ್ನ ಅಪ್ಪ ಹೊನ್ನಪ್ಪನವರು ತುಂಗಭದ್ರೆಯ ದಂಡೆಯ ತವರಿನಿಂದ ಕಾಲುವೆಗಾಡಿಯಲ್ಲಿ ಬಂದರು. ಒಣಗಿದ ಕಾಲುವೆಗಳೊಳಗೆ ಓಡುವ ಉದ್ದನೆಯ ಬಂಡಿಯನ್ನು ನಾವು ಹಾಗೆ ಕರೆಯುತ್ತೇವೆ. ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಅವರು ಒಂದು ಬೆಳಕುಗೊಳವೆ ತಂದಿದ್ದರು. ನೀವು ಯುವಿ ಎನ್ನುವ ಯಂತ್ರವೇ ಅದು, ಬೆಳಕು ಹಾಯಿಸಿ ರೋಗಾಣುಗಳನ್ನು ಕೊಲ್ಲುತ್ತದೆ. ತವರಿನಲ್ಲಿ ಕುಡಿಯುವುದು ಹೊಳೆನೀರು. ನೆರೆ ಬಂದ ವರ್ಷ ಓಣಿಯ ಮನೆಮನೆಯಲ್ಲೂ ವಾಂತಿಭೇದಿ ಹಬ್ಬಿದಾಗ ಅಂಥದೇ ಯಂತ್ರ ನನ್ನನ್ನೂ ತಮ್ಮಂದಿರನ್ನೂ ಉಳಿಸಿತ್ತು. ಅಪ್ಪ ತಾವೇ ಮೊಳೆ ಹೊಡೆದು ಅದನ್ನು ಗೋಡೆಗೆ ಸಿಕ್ಕಿಸಿದರು. ಮೊದಲ ಲೋಟ ನೀರನ್ನು ಆಗಿನ್ನೂ ತೊದಲುತ್ತಿದ್ದ ನನ್ನ ಮಗಳು ಇಬ್ಬನಿಗೆ ಕುಡಿಸಿದರು.

ಇಬ್ಬನಿಯ ಹಾಲುಹಲ್ಲು ಬಿದ್ದು ಹೊಸವು ಬಂದಾಗ ಅವುಗಳ ಮೇಲೆ ಸುಣ್ಣ ಬಳಿದಂಥ ಪಟ್ಟೆಗಳಿದ್ದವು, ನಡುನಡುವೆ ಕಂದು ಗೆರೆಗಳು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಶಾಲೆಯಲ್ಲಿ ಫೋಟೋ ತೆಗೆಯುವ ದಿನ ಅವಳು ತುಟಿ ಬಿಗಿದುಕೊಂಡು ನಿಂತಳಂತೆ. ಹಲ್ಲಿನ ಡಾಕ್ಟರಮ್ಮ ಅವಳ ಬಾಯಿ ನೋಡಿ ನನ್ನ ಕಡೆ ತಿರುಗಿದರು.

“ಉಜ್ಜೂದರಾಗ ಏನೂ ತಪ್ಪಿಲ್ರೀ. ಕುಡಿಯೂದು ಯಾವ ನೀರು?”

“ಬೋರಿನ ನೀರ್ರೀ. ಆದ್ರ ಮಿಷನ್ನಿಗೆ ಹಾಕೇ ಕುಡೀತೀವಿ.”

“ಯಾವ ಮಿಷನ್?”

ನಾನು ಹೇಳಿದೆ. ಅವರು ಎರಡು ನೀರೆಲೆ ಕೊಟ್ಟರು. ನೀರೆಲೆಯೆಂದರೆ ಬೆರಳಗಲದ ಕಾಗದ, ನೀರಿನಲ್ಲಿ ಕರಗಿರುವುದಕ್ಕೆ ತಕ್ಕಂತೆ ಬಣ್ಣ ತಿರುಗುತ್ತದೆ. ಮನೆಗೆ ಬಂದು ಬೋರಿನ ನೀರಿನಲ್ಲಿ ಒಂದನ್ನು, ಯಂತ್ರದಿಂದ ಬಂದ ನೀರಿನಲ್ಲಿ ಇನ್ನೊಂದನ್ನು ಅದ್ದಿದೆ. ಎರಡೂ ಒಂದೇ ಹಳದಿಯಾದವು. ಅದು ಫ್ಲೋರೈಡಿನ ಬಣ್ಣ, ಹಲ್ಲು ಬೆಳೆಯುವಾಗಲೇ ಅದರ ಮೇಲೆ ಪಟ್ಟೆ ಮೂಡಿಸುವುದು ಇದೇ. ಬೆಳಕು ರೋಗಾಣುವನ್ನು ಕೊಲ್ಲಬಲ್ಲದು, ನೀರಿನಲ್ಲಿ ಕರಗಿದ್ದನ್ನು ತೆಗೆಯಲಾರದು. ಕುದಿಸಿದರೂ ಅದು ಹೋಗುವುದಿಲ್ಲ. ತೊಟ್ಟಿಲಲ್ಲಿ ಮಗ ಮೈಲಾರಿ ಮಲಗಿದ್ದ. ಮುಂದೆ ಬರಬೇಕಾದ ಅವನ ಗಟ್ಟಿಹಲ್ಲುಗಳು ಆಗ ಒಸಡಿನೊಳಗೆ ಬೆಳೆಯುತ್ತಿದ್ದವು.

ನಮಗೆ ಬೇಕಿದ್ದದ್ದು ಜಾಲಪೊರೆಯ ಯಂತ್ರ. ನಿಮ್ಮ ಆರ್‌ಒ ಇದೆಯಲ್ಲ, ಅದರದೇ ಕುಲ. ನೀರನ್ನು ಒತ್ತಿ ಪೊರೆಯಿಂದ ಹಾಯಿಸಿ, ಕರಗಿದ್ದನ್ನೂ ತಡೆಯುತ್ತದೆ. ಅದನ್ನು ತರಿಸಿ ಹಳೆಯದರ ಪಕ್ಕ ಸಿಕ್ಕಿಸಿದ್ದು ಸುಲಭವಾಯಿತು, ಅಪ್ಪನಿಗೆ ಹೇಳುವುದೇ ಕಷ್ಟವಾಗಿತ್ತು. ಅವರು ಬಂದ ದಿನ ನನ್ನ ಗಂಡ ಕೊಟ್ರೇಶ, “ನಿಮ್ಮಪ್ಪಾರು, ನೀನ ಹೇಳು” ಎಂದು ಹಚ್ಚಡ ಮಡಚಲು ಮಾಳಿಗೆ ಹತ್ತಿದರು. ಅಂದು ಗಾಳಿಯೇ ಇರಲಿಲ್ಲ.

ಗೋಡೆಯ ಮೇಲಿನ ಎರಡು ಯಂತ್ರಗಳನ್ನು ಅಪ್ಪ ನೋಡಿದರು.

“ನಂದು ಕೆಟ್ಟೈತೇನು?”

“ಕೆಟ್ಟಿಲ್ಲಪ್ಪಾ. ಅಲ್ಲೀ ನೀರು ಬ್ಯಾರೆ, ಇಲ್ಲೀ ನೀರು ಬ್ಯಾರೆ.”

“ನೀವೆಲ್ಲಾರೂ ಅಂಥಾದ್ರಾಗಿನ ನೀರು ಕುಡದ ದೊಡ್ಡವರಾಗೀರಿ.”

ಅಷ್ಟರಲ್ಲಿ ಇಬ್ಬನಿ ಓಡಿಬಂದು ಅಜ್ಜನ ಕೊರಳಿಗೆ ಜೋತುಬಿದ್ದು ನಕ್ಕಳು. ಅಪ್ಪ ಅವಳ ಗಲ್ಲ ಹಿಡಿದು ಕಿಟಕಿಯ ಕಡೆ ತಿರುಗಿಸಿ ಬಹಳ ಹೊತ್ತು ನೋಡಿದರು. ಊಟಕ್ಕೆ ಕೂರಲಿಲ್ಲ. ತಮ್ಮ ಯಂತ್ರವನ್ನು ಇಳಿಸಿ, ಟವೆಲ್ಲಿನಲ್ಲಿ ಸುತ್ತಿಕೊಂಡು, ಸಿಕ್ಕ ಗಾಡಿಗೆ ಹೊರಟುಹೋದರು. ನಾಗರಪಂಚಮಿಗೆ ನನ್ನನ್ನು ತವರಿಗೆ ಕರೆಯಲೂ ಬರಲಿಲ್ಲ.

ಆ ದಿನಗಳಲ್ಲೇ ನಾನು ಹೊಸ ಯಂತ್ರದ ಆರೈಕೆ ಕಲಿತೆ. ನೀರು ಮೊದಲು ಹಾಯುವ ಜರಡಿಯಲ್ಲಿ ಕೆಸರು ಕೂರುತ್ತದೆ, ಅದನ್ನು ಆಗಾಗ ಬದಲಿಸದಿದ್ದರೆ ಪೊರೆ ಬೇಗ ಕಟ್ಟಿಕೊಳ್ಳುತ್ತದೆ. ಶುದ್ಧವಾದ ನೀರು ನಿಲ್ಲುವ ಡಬ್ಬಿಯನ್ನು ತೊಳೆಯದಿದ್ದರೆ ಅಲ್ಲೇ ಲೋಳೆ ಕಟ್ಟುತ್ತದೆ. ಪೊರೆ ದಾಟದೆ ಯಂತ್ರ ಹೊರಕ್ಕೆ ಬಿಡುವ ನೀರನ್ನು ನೆಲ ಒರೆಸಲು ಹಿಡಿದಿಡುತ್ತೇವೆ. ಯಂತ್ರದ ಹಸಿರು ದೀಪವನ್ನು ಮಾತ್ರ ನಂಬಿ ಕೂರಬಾರದು. ಕರೆಂಟು ಇದ್ದರೆ ಅದು ಉರಿಯುತ್ತದೆ, ಪೊರೆ ಹರಿದರೂ ಉರಿಯುತ್ತದೆ. ಆದ್ದರಿಂದ ಆಗಾಗ ನೀರೆಲೆ ಅದ್ದಿ ನೋಡುತ್ತೇನೆ.

ದಸರೆ ಮುಗಿದ ಮೇಲೆ ಅಪ್ಪ ಹೇಳದೆ ಕೇಳದೆ ಬಂದರು. ಚಪ್ಪಲಿ ಬಿಟ್ಟವರೇ ನೇರ ಅಡುಗೆಮನೆಗೆ ಬಂದು ಒಂದು ಲೋಟ ನೀರು ಕುಡಿದು ಮುಖ ಕಿವಿಚಿದರು.

“ಸಪ್ಪಗೈತಿ.”

“ಹೌದಪ್ಪಾ.”

“ಇರ್ಲಿ. ಇದನ್ನ ಬಿಚ್ಚೂದು ಹೆಂಗ, ತೋರ್ಸು. ನೀ ಎರಡು ಮಕ್ಕಳನ್ನ ಕಟಗೊಂಡು ಏನೇನ್ ಮಾಡ್ತಿ.”

ತೋರಿಸಿದೆ. ಅಂದಿನಿಂದ ಜರಡಿ ಬದಲಿಸುವುದು, ಡಬ್ಬಿ ತೊಳೆಯುವುದು ಎರಡೂ ಅವರದೇ ಕೆಲಸ. ಇಬ್ಬನಿಯ ಗೆರೆಗಳು ಹೋಗಿಲ್ಲ, ಹೋಗುವುದೂ ಇಲ್ಲವೆಂದು ಡಾಕ್ಟರಮ್ಮ ಹೇಳಿದ್ದಾರೆ. ಇದೆಲ್ಲ ಆಗಿ ಆರು ವರ್ಷವಾಗುತ್ತ ಬಂತು, ಮೊನ್ನೆ ಮೈಲಾರಿಗೆ ಮೊದಲ ಗಟ್ಟಿಹಲ್ಲು ಬಂತು. ಅಪ್ಪ ಅವನನ್ನು ಅಂಗಳಕ್ಕೆ ಎತ್ತಿಕೊಂಡು ಹೋಗಿ ಬಿಸಿಲಿನಲ್ಲಿ ನೋಡಿದರು. ಹಲ್ಲಿನ ಮೇಲೆ ಒಂದು ಗೆರೆಯೂ ಇರಲಿಲ್ಲ. ಅವರು ಕಣ್ಣೊರೆಸಿಕೊಂಡರು.

ನನ್ನ ಕೋರಿಕೆ ಇಷ್ಟೇ. ಅಂಗಡಿಗೆ ಹೋಗುವ ಮೊದಲು ನಿಮ್ಮ ಮನೆಯ ನೀರನ್ನು ಒಂದು ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕೊಡಿ. ಯಂತ್ರ ತಂದ ಮೇಲೆ ಅದರಿಂದ ಬರುವ ನೀರನ್ನೂ ಕೊಡಿ. ನಾವು ಕುಡಿಯುವ ನೀರಿನ ಬಂಡೆ ನಿಮ್ಮ ಕಾಲದಲ್ಲೂ ಈ ಊರಿನ ಕೆಳಗೇ ಇದೆ, ಮತ್ತು ನಿಮ್ಮ ತೊಟ್ಟಿಲಲ್ಲೂ ಯಾರೋ ಮಲಗಿರಬಹುದು. ಇನ್ನು ಬರೆಯಲು ಬಿಡುವಿಲ್ಲ. ಡಬ್ಬಿ ತೊಳೆಯಲು ಅಪ್ಪ ಒಳಗಿನಿಂದ ಬಕೆಟ್ ಕೇಳುತ್ತಿದ್ದಾರೆ.

ನಿಮ್ಮ,
ಗಾಳೆವ್ವ