ಗೋವಾ ಕಡೆಗೆ ಮಾತ್ರ ಓಡುವ ಭರತನಿಗೆ

ಭರತಾ,

ನಾನು ಅಂಕೋಲೆಗೆ ಹೊರಟೆ. ಗಂಜಿ ಮುಚ್ಚಿಟ್ಟಿದ್ದೇನೆ, ಒಣಮೀನಿನ ಚಟ್ನಿ ಕಪಾಟಿನಲ್ಲಿದೆ. ಬೆಕ್ಕು ಬರದ ಹಾಗೆ ಹಿಂದಿನ ಬಾಗಿಲು ಹಾಕಿಕೋ.

ನಾಳೆಯ ಅಡ್ಮಿಷನ್ನಿಗೆ ನಿನ್ನ ಫೈಲು ಜೋಡಿಸಿದ್ದೇನೆ. ವ್ಯಾಯಾಮ ವಿಜ್ಞಾನದ ಪದವಿಗೆ ಜೀವಶಾಸ್ತ್ರದಲ್ಲಿ ಐವತ್ತು ಅಂಕ ಕೇಳಿದ್ದಾರೆ, ನಿನಗೆ ಐವತ್ತನಾಲ್ಕಿದೆ. ಅದರ ಚಿಂತೆ ಇಲ್ಲ. ಆದರೆ ನಿಯಮಗಳ ಪುಸ್ತಿಕೆಯನ್ನು ಪೂರ್ತಿ ಓದಿದ್ದೀಯಾ? ಪ್ರತಿ ಸೆಮಿಸ್ಟರಿನಲ್ಲೂ ಓಟದ ಪ್ರಾಕ್ಟಿಕಲ್ ಇದೆ. ಎರಡು ಸಲ ಫೇಲಾದರೆ ಕೋರ್ಸಿನಿಂದಲೇ ಹೊರಗೆ.

ಒಂದು ತಿಂಗಳಿಂದ ನೋಡುತ್ತಿದ್ದೇನೆ. ಮಾಜಾಳಿಯ ಮರಳಿನಲ್ಲಿ ನೀನು ಗೋವಾ ಕಡೆಗೆ ಮಾತ್ರ ಓಡುತ್ತೀಯ, ಬರುವಾಗ ನಡೆದು ಬರುತ್ತೀಯ. ದಂಡೆ ಸಮುದ್ರದತ್ತ ಇಳಿಜಾರು. ವಾಪಸು ಓಡಿದರೆ ಸಮುದ್ರ ಬಲಕ್ಕಿರುತ್ತದೆ, ಬಲಗಾಲು ತಗ್ಗಿಗೆ ಬೀಳುತ್ತದೆ. ಚೆಂಡಿಯಾದಲ್ಲಿ ಕಬಡ್ಡಿ ಆಡುವಾಗ ತಿರುಚಿದ್ದು ಬಲ ಮೊಣಕಾಲೇ ಅಲ್ಲವೇ? ಕೇಳಿದರೆ, "ಎಂತಾ ಇಲ್ವೆ ಅಕ್ಕಾ, ನೀ ಪೊಲೀಸ್ ಆಗ್ಬೇಕಾಗಿತ್ತು ಮಾರಾಯ್ತಿ" ಎಂದು ನಗುತ್ತೀಯ. ಆಮೇಲೆ ಬಲಗಾಲು ಚಾಚಿಕೊಂಡೇ ಊಟಕ್ಕೆ ಕೂರುತ್ತೀಯ. ಅದಕ್ಕೇ ನನಗೆ ಅನುಮಾನ.

ಅರ್ಜಿಯಲ್ಲಿ 'ಹಿಂದೆ ಪೆಟ್ಟಾಗಿದೆಯೇ' ಎಂದು ಕೇಳಿದ ಕಡೆ 'ಇಲ್ಲ' ಎಂದು ಬರೆದಿದ್ದೀಯ. ಆಯಿಗೆ ನಾನು ಏನೂ ಹೇಳಿಲ್ಲ. ಆ ಹಾಳೆ ಫೈಲಿನಲ್ಲಿಲ್ಲ, ನನ್ನ ಚೀಲದಲ್ಲಿದೆ, ಹುಡುಕಬೇಡ. ಸಂಜೆ ಐದರ ಬಸ್ಸಿಗೆ ಬರುತ್ತೇನೆ. ಅದೇ 'ಇಲ್ಲ' ಎಂಬುದನ್ನು ನನ್ನ ಮುಖ ನೋಡಿ ಹೇಳು, ಹಾಳೆ ಕೊಡುತ್ತೇನೆ. ಹೇಳಲಾಗದಿದ್ದರೆ ಅಂಗಿ ಬದಲಿಸಿಕೊಂಡು ತಯಾರಿರು. ಕಾರವಾರದಲ್ಲಿ ಮೂಳೆ ಡಾಕ್ಟರು ಏಳರವರೆಗೆ ಇರುತ್ತಾರೆ, ಇಬ್ಬರೂ ಹೋಗಿ ಬರೋಣ.

ಅಮಿತಕ್ಕ