ಚಿಲಕ ನಿನ್ನ ಕಡೆಗಿದೆ, ತಾತ

ತಾತ,

ಬಾಗಿಲ ಕೆಳಗಿನ ಸಂದಿಯಿಂದ ಈ ಕಾಗದ ತಳ್ಳುತ್ತಿದ್ದೇನೆ. ಕೂಗಿ ಹೇಳಬಹುದಿತ್ತು. ಕೂಗುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ ಅಂತಲೇ ತಾನೆ ನೀನು ನನಗೆ ಭಾಷಣದಮ್ಮ ಅಂತ ಹೆಸರಿಟ್ಟದ್ದು? ಆದರೆ ನಾನು ಕೂಗಿದರೆ ನೀನು ಸುಮ್ಮನಿರುವವನಲ್ಲ. ಎದುರುತ್ತರ ಕೊಡುತ್ತೀಯ, ಅದರಲ್ಲೊಂದು ಕುಚೋದ್ಯ ಸೇರಿಸುತ್ತೀಯ, ನಿನ್ನ ಮಾತಿಗೆ ನೀನೇ ಮೊದಲು ನಗುತ್ತೀಯ, ಆ ನಗು ಕೆಮ್ಮಾಗುತ್ತದೆ. ಆಮೇಲೆ ನಿನ್ನ ಮುಂದಿನ ಉಸಿರು ಬರುವ ತನಕ ಈಚೆ ನಾನು ನನ್ನದನ್ನು ಬಿಗಿಹಿಡಿದು ನಿಲ್ಲಬೇಕು. ಅದಕ್ಕೇ ಕಾಗದ. ನಗು ಬರುವಂಥದ್ದು ಕಂಡರೆ ಪಕ್ಕೆಗೆ ದಿಂಬು ಒತ್ತಿಕೋ.

ವಯಸ್ಸಾದವರ ಕೆಮ್ಮನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮಗು ಕೆಮ್ಮಿದರೆ ಬೀದಿಯೇ ಎದ್ದು ನಿಲ್ಲುತ್ತದೆ. ಮುದುಕ ಕೆಮ್ಮಿದರೆ ಟೀವಿಯ ಸದ್ದು ಜೋರಾಗುತ್ತದೆ. ಬಸ್ಸಿನ ಹೊಗೆ ಕುಡಿದೂ ಕುಡಿದೂ ಕಂಡಕ್ಟರ್ ಕೆಲಸದಲ್ಲೇ ಉಬ್ಬಸ ಹತ್ತಿಸಿಕೊಂಡವನು ನೀನು. ಹಾಗಾಗಿ ಈ ಕೆಮ್ಮನ್ನೂ ಎಲ್ಲರೂ ಆ ಲೆಕ್ಕಕ್ಕೇ ಬರೆದರು. ಉಬ್ಬಸದ ಪಂಪ್ ಬಾಯಿಗಿಟ್ಟು ಇನ್ನೊಂದು ಸಲ ಎಳೆದುಕೋ ಅಂದರು. ಎಳೆದರೂ ನಿಲ್ಲಲಿಲ್ಲ. ಒಂದರ ಬೆನ್ನಿಗೊಂದು ಕೆಮ್ಮು, ನಡುವೆ ಉಸಿರಿಗೆ ಜಾಗವೇ ಇಲ್ಲ, ಕೊನೆಗೆ ತಿಂದದ್ದೆಲ್ಲ ವಾಂತಿ. ಕ್ಲಿನಿಕ್ಕಿನಿಂದ ತಂದ ಕರಪತ್ರ ಹಿಡಿದು, ಇದು ನಾಯಿಕೆಮ್ಮು ಅಂತ ನಾನು ಹೇಳಿದಾಗ ಅಮ್ಮ ಏನಂದಳು, ನೆನಪಿದೆಯಾ? "ಬಂದ್ಲಪ್ಪಾ ಕರಪತ್ರದ ಡಾಕ್ಟ್ರು! ಅದು ಮಕ್ಕಳಿಗೆ ಬರೋ ಕಾಯಿಲೆ ಕಣೇ." ನೀನು ಬಿಡಬೇಕಲ್ಲ! "ನನಗೂ ಎರಡನೇ ಬಾಲ್ಯ ತಾನೆ, ಬರಲಿ ಬಿಡಮ್ಮ" ಅಂದು ನಕ್ಕೆ. ಆ ನಗುವಿನ ಹಿಂದೆ ಬಂದ ಕೆಮ್ಮಿಗೇ ಪಕ್ಕೆಲುಬು ಬಿರುಕು ಬಿಟ್ಟಿತು.

ಪರೀಕ್ಷೆಯಲ್ಲಿ ಕರಪತ್ರವೇ ಗೆದ್ದಿತು. ಗೆದ್ದು ನನಗೇನು ಬಂತು? ಚಿಕ್ಕಂದಿನಲ್ಲಿ ಹಾಕಿದ ಲಸಿಕೆಯ ಬಲ ಕಾಲಕ್ರಮೇಣ ಕುಂದುತ್ತದಂತೆ, ಉಬ್ಬಸವಿದ್ದವರಿಗೆ ಈ ಕಾಯಿಲೆ ಇನ್ನೂ ಕಠಿಣವಂತೆ. ಮೊದಲೇ ಇಕ್ಕಟ್ಟಾದ ಓಣಿಗೆ ಲಾರಿ ನುಗ್ಗಿದ ಹಾಗೆ. ಮತ್ತೊಂದು ಚುಚ್ಚುಮದ್ದು ಹಾಕಿಸಿಕೊಳ್ಳಿ ಅಂತ ನಿನಗೆ ಹೇಳಿದವರೇ ಇಲ್ಲ. ಇಷ್ಟು ವರ್ಷ ಊರನ್ನೆಲ್ಲ ಹೊತ್ತು ತಿರುಗಿದವನಿಗೆ ಒಂದು ಮಾತು ಹೇಳಲು ಊರಿಗೆ ಪುರುಸೊತ್ತಿರಲಿಲ್ಲ.

ಅಕ್ಕನ ಹಸುಗೂಸು ಮನೆಯಲ್ಲಿದೆ ಅಂತ ನೀನೇ ಆ ಹೊಲಿಗೆ ಯಂತ್ರದ ಕೋಣೆ ಸೇರಿದೆ. ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ. ಸ್ಟೂಲಿನ ಮೇಲೆ ತಟ್ಟೆ ಇಟ್ಟು ನಾವು ದೂರ ಸರಿದರೆ ಮಾತ್ರ ಒಂದು ಕೈ ಹೊರಗೆ ಬರುತ್ತದೆ. ನಿನ್ನ ಮುಖ ನೋಡಿ ಎಷ್ಟು ದಿನವಾಯಿತೋ. ಔಷಧಿ ಮುಗಿಯಿತು, ನಮಗೆಲ್ಲ ಮುಂಜಾಗ್ರತೆಯ ಔಷಧಿಯೂ ಆಯಿತು. ಇನ್ನು ನಿನ್ನಿಂದ ಯಾರಿಗೂ ಅಂಟುವುದಿಲ್ಲ, ಕೆಮ್ಮು ಮಾತ್ರ ಇನ್ನೂ ಕೆಲವು ವಾರ ಉಳಿಯುತ್ತದೆ ಅಂತ ಡಾಕ್ಟರೇ ಹೇಳಿದ್ದಾರೆ. ಆದರೂ ಬಾಗಿಲು ಮುಚ್ಚಿಯೇ ಇದೆ. ನಾನು ಪಡಸಾಲೆಯಲ್ಲಿ ನಿಂತು ಕೂಗಾಡಿದೆ: ವಯಸ್ಸಾದವರನ್ನು ಕೂಡಿಹಾಕುವ ಹಕ್ಕು ನಿಮಗೆ ಯಾರು ಕೊಟ್ಟರು ಅಂತ. ಅಕ್ಕ ಮಗುವನ್ನು ಭುಜಕ್ಕೆ ಹಾಕಿಕೊಂಡು, "ಭಾಷಣ ಆಯ್ತಾ? ಚಿಲಕ ಯಾವ ಕಡೆ ಇದೆ ನೋಡು ಹೋಗು" ಅಂದಳು.

ನಾನು ಊರಿಗೆಲ್ಲ ಹಂಚುವ ಹಕ್ಕುಗಳ ಕರಪತ್ರಗಳೆಲ್ಲ ಹೊರಗಿನಿಂದ ಹಾಕಿದ ಬೀಗಗಳ ಬಗ್ಗೆಯೇ, ತಾತ. ಒಳಗಿನಿಂದ ಹಾಕಿಕೊಂಡ ಚಿಲಕದ ಬಗ್ಗೆ ಯಾರೂ ಬರೆದಿಲ್ಲ.

ನಿನ್ನೆ ಮಧ್ಯಾಹ್ನ ನಿನಗೆ ಕೆಮ್ಮು ಹತ್ತಿತು. ಕೆಮ್ಮಿನ ಹಿಂದೆ ಉಬ್ಬಸದ ಸುಯ್ಯೆಂಬ ಸದ್ದು. ಪಂಪ್ ಕೈಜಾರಿ ನೆಲದ ಮೇಲೆ ಉರುಳಿದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ನಾವು ಮೂವರೂ ಬಾಗಿಲು ಬಡಿದೆವು. ಅಮ್ಮ ಒಲೆ ಆರಿಸುವುದನ್ನೂ ಮರೆತು ಬಂದು ಭುಜ ಕೊಟ್ಟು ತಳ್ಳಿದಳು. ಬಾಗಿಲು ಅಲುಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ನೀನು ಒಂದೇ ಒಂದು ಸಲ ತಟ್ಟಿದೆ.

ಬಸ್ಸಿನಲ್ಲಿ ಕಂಡಕ್ಟರ್ ಊದುವ ಒಂದು ವಿಷಲ್ ಅಂದರೆ ನಿಲ್ಲಿಸು, ಎರಡು ಅಂದರೆ ಹೊರಡು. ನಾನು ಚಿಕ್ಕವಳಿದ್ದಾಗ ನಿನ್ನ ತೊಡೆಯ ಮೇಲೆ ಕೂತು ಕಲಿತ ಮೊದಲ ಪಾಠ. ಬರಬೇಡಿ, ಅಲ್ಲೇ ನಿಲ್ಲಿ ಅಂದೆಯಲ್ಲವೇ? ನಿಂತೆವು. ಆದರೆ ಇನ್ನೊಮ್ಮೆ ಹೀಗಾಗಿ ಆ ಒಂದು ತಟ್ಟೂ ಕೇಳದಿದ್ದರೆ, ನಾವು ಈ ಬಾಗಿಲಿಗೆ ತಲೆ ಚಚ್ಚಿಕೊಳ್ಳುವುದು ಬಿಟ್ಟು ಮತ್ತೇನು ಮಾಡಬೇಕು? ಮಗುವನ್ನು ಕಾಪಾಡಲು ಒಳಗೆ ಹೋದೆ. ಸರಿ. ಈಗ ಕಾಪಾಡಬೇಕಾದದ್ದು ಮಗುವನ್ನಲ್ಲ, ನಿನ್ನನ್ನು.

ಬಾಗಿಲ ಹೊರಗೆ ನಿನ್ನ ಹಳೆಯ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ಭಾಷಣ ಮಾಡುವುದಿಲ್ಲ, ಮಾತೂ ಆಡಿಸುವುದಿಲ್ಲ. ನೀನು ಕೋಣೆಯಲ್ಲೇ ಇರು, ಬೇಡವೆನ್ನುವುದಿಲ್ಲ. ಮಗುವನ್ನು ಎತ್ತಿಕೊಳ್ಳುವುದೂ ಬೇಡ. ಚಿಲಕ ಮಾತ್ರ ತೆಗೆ. ತೆಗೆದು, ಎರಡು ಸಲ ತಟ್ಟು.

ಹರಸುವ ವಯಸ್ಸು ನನ್ನದಲ್ಲ. ಆದರೂ ಹರಸುತ್ತೇನೆ, ಬೈಯಬೇಕೆನಿಸಿದರೆ ಹೊರಗೆ ಬಂದು ಬೈ: ನಿನ್ನ ಮುಂದಿನ ಉಸಿರು ಸಲೀಸಾಗಿ ಬರಲಿ, ಅದರ ಮುಂದಿನದೂ.

ಬಾಗಿಲ ಈಚೆ ಕಾದು ಕೂತಿರುವ,
ನಿನ್ನ ಭಾಷಣದಮ್ಮ