ಅರವತ್ತನೆಯ ಹಾಳೆ

ಜಯನಗರ ನಾಲ್ಕನೇ ಟಿ ಬ್ಲಾಕ್
17 ಸೆಪ್ಟೆಂಬರ್ 2006, ಭಾನುವಾರ

ಪ್ರೀತಿಯ ರಾಜಶ್ರೀ,

ನಿನ್ನ ಪತ್ರ ಬಂದು ಹನ್ನೆರಡು ದಿನವಾಯಿತು. ನಡುವೆ ನೀನು ಎರಡು ಸಲ ಫೋನ್ ಕೂಡ ಮಾಡಿದೆ. ಎರಡು ಸಲವೂ ನಾನು, ನೀನು ಕೇಳಿದ ರಿಜಿಸ್ಟರ್ ಮನೆ ಬದಲಾಯಿಸುವಾಗ ಎಲ್ಲೋ ಕಳೆದುಹೋಯಿತು ಕಣೇ, ಎಂದೆ. ಸುಳ್ಳು. ಅದು ಬೀರುವಿನಲ್ಲಿ, ನನ್ನ ಮದುವೆ ಸೀರೆಯ ಕೆಳಗೆ, ಹತ್ತು ವರ್ಷದಿಂದ ಹಾಗೇ ಇದೆ. ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಅದನ್ನು ತೆರೆಯುವ ಮೊದಲು ಇದನ್ನು ಪೂರ್ತಿ ಓದು.

ಮೊದಲು ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ನಿನ್ನನ್ನು ಕಂಡರೆ ಹೊಟ್ಟೆಕಿಚ್ಚು. ಇವತ್ತಿನದಲ್ಲ, ಹಳೆಯದು. ಹೋದ ತಿಂಗಳು ಪತ್ರಿಕೆಯ ಭಾನುವಾರದ ಪುಟದಲ್ಲಿ ಇಳಕಲ್ ಸೀರೆ ಉಟ್ಟ ನಿನ್ನ ಫೋಟೋ ಬಂತಲ್ಲ, 'ದಣಿವನ್ನು ಅಳೆಯುವ ಪ್ರೊಫೆಸರ್' ಎಂದು. ನಮ್ಮ ಸ್ಟಾಫ್ ರೂಮಿನಲ್ಲಿ ಗಿರಿಜಾದೇವಿ ಅದನ್ನು ಎಲ್ಲರಿಗೂ ತೋರಿಸಿ, "ಇವ್ರು ನಿಮ್ ಫ್ರೆಂಡ್ ಅಲ್ವಾ ಮೇಡಂ? ಎಷ್ಟ್ ಚೆನ್ನಾಗ್ ಮಾತಾಡಿದಾರೆ ನೋಡಿ" ಎಂದರು. ನಾನು, ಹೌದು, ನನ್ನ ಜೂನಿಯರ್, ಎಂದೆ. ಅಷ್ಟು ಹೇಳಿಕೊಳ್ಳದೆ ಇರಲು ಆಗಲಿಲ್ಲ. ಆ ಪುಟವನ್ನು ಮನೆಗೆ ತಂದು ಅಡುಗೆಮನೆಯಲ್ಲಿ ಡಬ್ಬಿಗಳ ಕೆಳಗೆ ಹಾಸಿದೆ, ಸರಿಯಾಗಿ ನಿನ್ನ ಮುಖದ ಮೇಲೆ ತೊಗರಿಬೇಳೆ ಡಬ್ಬಿ. ಆಮೇಲೆ ಎರಡು ಸಲ ಡಬ್ಬಿ ಎತ್ತಿ ನೋಡಿದ್ದೂ ನಿಜ.

ಹನ್ನೆರಡು ವರ್ಷದ ಹಿಂದೆ ಸಿದ್ದಲಿಂಗಯ್ಯ ಸರ್ ಹತ್ತಿರ ಪಿಎಚ್‌ಡಿಗೆ ಮೊದಲು ಸೇರಿದವಳು ನಾನು. ಒತ್ತಡ, ದಣಿವು, ದೇಹದ ಕಾಯಿಲೆ, ಈ ಮೂರನ್ನೂ ಒಟ್ಟಿಗೆ ನೋಡಬೇಕು ಎಂದು ಅವರ ಮುಂದೆ ವಾದ ಮಾಡಿದವಳೂ ನಾನೇ. ನೀನು ಬಂದದ್ದು ಮರುವರ್ಷ, ಬಾಗಲಕೋಟೆಯಿಂದ, ಬಿಟಿಎಂನ ಒಂದು ಪೇಯಿಂಗ್ ಗೆಸ್ಟ್ ರೂಮಿಗೆ, ಒಂದು ಟ್ರಂಕು ಮತ್ತು ಒಂದು ಗಂಟು ಖಡಕ್ ರೊಟ್ಟಿಯ ಸಮೇತ. "ಅಕ್ಕಾ, ಈ ಸ್ಟ್ಯಾಟಿಸ್ಟಿಕ್ಸ್ ನನ್ನ ತಲಿಗೆ ಹತ್ತವಲ್ದುರಿ" ಎಂದು ಅಳುಮುಖ ಮಾಡಿಕೊಂಡು ಕೂತಿದ್ದೆ. ನಾನೇ ಕಲಿಸಿದೆ. ನನ್ನ ಕೈನೆಟಿಕ್ ಹೋಂಡಾದ ಹಿಂದೆ ಕೂರಿಸಿಕೊಂಡು ಜೆ.ಪಿ. ನಗರದ ಆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ನರ್ಸುಗಳ ಪರಿಚಯ ಮಾಡಿಸಿದೆ. ಆರು ತಿಂಗಳಲ್ಲಿ ಅವರೆಲ್ಲ ನನ್ನನ್ನು ಮೇಡಂ ಎನ್ನುತ್ತಲೇ ಇದ್ದರು, ನಿನಗೆ ಡಬ್ಬಿಯಲ್ಲಿ ಚಿತ್ರಾನ್ನ ತರತೊಡಗಿದ್ದರು.

ನರ್ಸುಗಳ ದಣಿವು ಅಳೆಯುವ ನಮ್ಮ ಆ ಹಾಳೆ ನಿನಗೆ ಬಾಯಿಪಾಠ. ಹತ್ತು ಸೆಂಟಿಮೀಟರಿನ ಗೆರೆಗಳು. ಎಡ ತುದಿಯಲ್ಲಿ 'ದಣಿವೇ ಇಲ್ಲ', ಬಲ ತುದಿಯಲ್ಲಿ 'ಇನ್ನು ಆಗುವುದೇ ಇಲ್ಲ'. ಎದ್ದ ಕೂಡಲೇ, ಕೆಲಸಕ್ಕೆ ಹೊರಡುವಾಗ, ಕೆಲಸ ಮುಗಿದಾಗ, ಮಲಗುವಾಗ ಒಂದೊಂದು ಗೆರೆಯ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಬೇಕು. ಏಳು ದಿನ. ಆಮೇಲೆ ನೀನು ಸ್ಕೇಲ್ ಇಟ್ಟು ಅಳೆಯಬೇಕು. ಹಾಳೆಯ ಮೇಲೆ ನಂಬರ್ ಮಾತ್ರ. ಯಾವ ನಂಬರ್ ಯಾವ ನರ್ಸ್ ಎಂಬುದು ರಿಜಿಸ್ಟರಿನಲ್ಲಿ. ಅಳೆಯುವವಳಿಗೆ ಹೆಸರು ಗೊತ್ತಾಗಬಾರದು ಎಂದು ಸರ್ ರಿಜಿಸ್ಟರನ್ನು ನನ್ನ ಹತ್ತಿರ ಇಡಿಸಿದ್ದರು. ಅದಕ್ಕೇ ಅದು ನನ್ನ ಬೀರುವಿನಲ್ಲಿ ಉಳಿಯಿತು.

ತೊಂಬತ್ತಾರರಲ್ಲಿ ನಿನಗೆ ಕಾಮಾಲೆಯಾಗಿ ಐದು ವಾರ ಊರಿಗೆ ಹೋದೆ. ಉಳಿದ ಹಾಳೆಗಳನ್ನು ನಾನು ತರಿಸುತ್ತೇನೆ, ನೀನು ಆರಾಮಾಗಿ ಮಲಗು, ಎಂದು ಬಸ್ ಹತ್ತಿಸಿದವಳು ನಾನು. ಆಗ ನಿಜಕ್ಕೂ ಪ್ರೀತಿಯಿಂದಲೇ ಹೇಳಿದ್ದೆ. ಆದರೆ ಅರವತ್ತು ನರ್ಸುಗಳಲ್ಲಿ ಕೊನೆಯ ಒಂಬತ್ತು ಜನ ಕೈಬಿಟ್ಟರು. ಇಬ್ಬರು ಕೆಲಸ ಬಿಟ್ಟಿದ್ದರು. ಒಬ್ಬಳಂತೂ, "ಸುಸ್ತಾಗಿದ್ಯಾ ಸುಸ್ತಾಗಿದ್ಯಾ ಅಂತ ದಿನಾ ಕೇಳಿ ಕೇಳೇ ಸುಸ್ತಾಗ್ತಿದೆ ಮೇಡಂ" ಎಂದು ಹಾಳೆಯನ್ನು ವಾಪಸ್ ಕೈಗಿಟ್ಟಳು. ಐವತ್ತೊಂದೇ ಆಯಿತು ಸರ್, ಎಂದು ಹೇಳಲು ಹೋದೆ. ಅವರು ಕನ್ನಡಕ ಒರೆಸಿಕೊಳ್ಳುತ್ತಾ, "ರಾಜಶ್ರೀ ಇದ್ದಿದ್ರೆ ಅರವತ್ತೂ ಆಗ್ಬಿಡೋದು" ಎಂದರು. ಬೈಯಲಿಲ್ಲ, ಸುಮ್ಮನೆ ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಆ ವಾರ ಮಧ್ಯಾಹ್ನ ಅತ್ತೆ ನಿದ್ದೆ ಮಾಡುವ ಹೊತ್ತಿನಲ್ಲಿ ಊಟದ ಮೇಜಿನ ಮುಂದೆ ಕೂತು ಅರವತ್ತೂ ಮಾಡಿದೆ. ರಿಜಿಸ್ಟರಿನಲ್ಲಿ ಕೈಬಿಟ್ಟ ಒಂಬತ್ತು ಜನರ ಹೆಸರಿನ ಪುಟ ತೆಗೆದು ಹೊಸ ಹೆಸರುಗಳ ಪುಟ ಅಂಟಿಸಿದೆ. ಲಕ್ಷ್ಮಮ್ಮ ಎಂದಿರುವುದು ನಮ್ಮ ಹೂವಿನವಳ ಹೆಸರು. ಅಣ್ಣಮ್ಮ ಎಂದಿರುವುದು ಪಕ್ಕದ ಬೀದಿಯ ಟೈಲರ್ ಹೆಂಡತಿಯದು. ಒಂದೊಂದು ಹಾಳೆಗೆ ಒಂದೊಂದು ಪೆನ್ಸಿಲ್ ಕೂಡ ಬದಲಾಯಿಸಿದೆ, ಅಷ್ಟು ಜಾಣತನ ಇತ್ತು. ಐವತ್ತೆರಡರಿಂದ ಅರವತ್ತರವರೆಗಿನ ನಂಬರಿನ ನರ್ಸುಗಳನ್ನು ನೀನು ಹುಡುಕಬೇಡ. ಅಂಥವರು ಆ ಆಸ್ಪತ್ರೆಯಲ್ಲಿ ಯಾವತ್ತೂ ಇರಲಿಲ್ಲ.

ಹುಷಾರಾಗಿ ಬಂದು ಅಳೆಯಲು ಕೂತ ನೀನು ಒಂದು ದಿನ ಒಂದೇ ಹಾಳೆ ಹಿಡಿದುಕೊಂಡು ನಮ್ಮ ಮನೆಗೆ ಓಡಿಬಂದೆ. ಅರವತ್ತನೆಯದು. "ಅಕ್ಕಾ, ಈಕಿನ್ನ ನೋಡ್ರಿ. ಮಲಗೂ ಮುಂದಿನಕಿಂತ ಎದ್ದ ಕೂಡ್ಲೇನ ಹೆಚ್ಚು ದಣದಾಳ. ಏಳೂ ದಿನ ಹಂಗ. ಮನ್ಯಾಗ ಈಕಿನ್ನ ಯಾರರೆ ಕೇಳ್ತಾರೋ ಇಲ್ಲೋ" ಎಂದೆ. ನಿನ್ನ ಕಣ್ಣಲ್ಲಿ ನೀರಿತ್ತು. ನಾನು ಆಗತಾನೆ ಅತ್ತೆಯ ಹಾಸಿಗೆ ಬಟ್ಟೆ ಒಗೆದು ಹಾಕಿ ಬಂದಿದ್ದೆ. ಲಕ್ವ ಹೊಡೆದು ಅವರು ಮಲಗಿ ಆಗಲೇ ಎರಡು ವರ್ಷ. ಕೈ ಒರೆಸಿಕೊಂಡು ನಿನಗೆ ಕಾಫಿ ಮಾಡಿಕೊಟ್ಟೆ. ಹೆಸರು ಹೇಳುವ ಹಾಗಿಲ್ಲ, ಎಂದೆ.

ಆ ಒಬ್ಬಳ ಮೇಲೆ ನೀನು ಬರೆದ ಎರಡು ಪುಟ ನಿನ್ನನ್ನು ಎಲ್ಲಿಂದ ಎಲ್ಲಿಗೆ ಒಯ್ದಿತು. ವಿಶ್ರಾಂತಿಯಿಂದ ಹೋಗದ ದಣಿವೂ ಇದೆ, ಅದರ ಬೇರು ನಾವು ಕೇಳದೇ ಬಿಟ್ಟ ಕೆಲಸದಲ್ಲಿದೆ, ಎಂದು ಬರೆದೆ. ಸಮ್ಮೇಳನ, ಪುಸ್ತಕ, ಪ್ರೊಫೆಸರ್ ಹುದ್ದೆ ಎಲ್ಲ ಅದರ ಹಿಂದೆ ಬಂದವು. ನಾನು ತೊಂಬತ್ತೆಂಟರಲ್ಲಿ ಪಿಎಚ್‌ಡಿ ಬಿಟ್ಟೆ. ಯಾಕೆ ಎಂದು ಸರ್ ಕೇಳಲಿಲ್ಲ, ಶರಣ್ ಕೇಳಲಿಲ್ಲ. ಗಂಡನಾದವನು ಕೇಳಬಹುದಿತ್ತು. ಬನಶಂಕರಿಯ ಪಿಯು ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತಾ, ಪ್ರತಿ ವರ್ಷ ನಿನ್ನ ಹೆಸರಿರುವ ಪಾಠ ಬಂದಾಗ ಬೇಗ ಬೇಗ ಮುಗಿಸುತ್ತೇನೆ.

ವಿಶ್ವವಿದ್ಯಾಲಯಕ್ಕೆ ನಾಲ್ಕು ಸಾಲು ಬರೆದರೆ ನಿನ್ನ ಹೆಸರು ಮಣ್ಣುಪಾಲಾಗುತ್ತಿತ್ತು. ಆ ನಾಲ್ಕು ಸಾಲನ್ನು ಮನಸ್ಸಿನಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಈಗ ನೀನು, ಅದೇ ಅರವತ್ತು ಜನರನ್ನು ಹತ್ತು ವರ್ಷದ ಮೇಲೆ ಮತ್ತೆ ಕಾಣಬೇಕು, ತಿಂಗಳ ಕೊನೆಯೊಳಗೆ ರಿಜಿಸ್ಟರ್ ಸಿಗದಿದ್ದರೆ ಅನುಮತಿ ಹೋಗುತ್ತದೆ, ಎಂದು ಬರೆದಾಗ ನನಗೆ ಹಿತವಾಯಿತು. ಕಳೆದುಹೋಯಿತು ಎಂದರೆ ಸಾಕು, ನಾನು ಉಳಿದುಕೊಳ್ಳುತ್ತೇನೆ, ನೀನು ಒಂದು ಸಲವಾದರೂ ಮುಗ್ಗರಿಸುತ್ತೀಯ.

ಆದರೆ ನಿನ್ನ ಪತ್ರದ ಕೊನೆಯಲ್ಲಿ, ಎಲ್ಲರಿಗಿಂತ ಮೊದಲು ಅರವತ್ತನೆಯವಳನ್ನು ಹುಡುಕಬೇಕು, ಹತ್ತು ವರ್ಷದಿಂದ ಅವಳ ನೆನಪಾಗದ ವಾರವಿಲ್ಲ, ಎಂದು ಬರೆದಿದ್ದೀಯ. ಅದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಹತ್ತು ವರ್ಷದಲ್ಲಿ ನೀನು ನನ್ನ ಮನೆಗೆ ಬಂದದ್ದು ಮೂರು ಸಲ. ಮೂರು ಸಲವೂ ನಿನ್ನ ಕೆಲಸದ ಮಾತು. ಆ ಹೆಂಗಸಿನ ಮೇಲೆ ಕೂಡ ನನಗೆ ಹೊಟ್ಟೆ ಉರಿಯಿತು ಎಂದರೆ ನಗಬೇಡ.

ಜೊತೆಗೆ ಇನ್ನೊಂದು ಲಕೋಟೆ ಇದೆ. ಒಂಬತ್ತು ಹಾಳೆ ನಾನು ಕೈಯಾರೆ ಮಾಡಿದ್ದು, ರಾಜಶ್ರೀಗೆ ಗೊತ್ತಿರಲಿಲ್ಲ, ಎಂದು ಸಹಿ ಹಾಕಿ ಕೊಟ್ಟಿದ್ದೇನೆ. ಯಾರಿಗೆ ತೋರಿಸಬೇಕೋ ತೋರಿಸು. ನನ್ನ ಕೆಲಸಕ್ಕೆ ಸಂಚಕಾರ ಬಂದರೆ ಬರಲಿ. ಐವತ್ತೊಂದು ಜನ ನಿಜವಾದವರು, ಅವರ ಹಾಳೆಗಳನ್ನು ನಾನು ಮುಟ್ಟಿಲ್ಲ. ಅವರನ್ನು ಹೋಗಿ ನೋಡು.

ನಿನ್ನ ಸೀನಿಯರ್ ಎಂದು ಇವತ್ತಿಗೂ ಹೇಳಿಕೊಳ್ಳುವ,
ಜ್ಯೋತ್ಸ್ನಾ

ತಾ.ಕ.: ರಿಜಿಸ್ಟರಿನಲ್ಲಿ ಅರವತ್ತನೆಯ ಹೆಸರು ಕಮಲಾದೇವಿ ಎಂದಿದೆ. ಮದುವೆಯ ದಿನ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಬರೆಸಿ ಗಂಡನ ಮನೆಯವರು ನನಗಿಟ್ಟ ಹೆಸರು ಅದು. ಅತ್ತೆ ಒಬ್ಬರೇ ಹಾಗೆ ಕರೆಯುತ್ತಿದ್ದರು, ಅವರು ತೀರಿಕೊಂಡು ಮೂರು ವರ್ಷವಾಯಿತು. ಎಂಟು ಹಾಳೆ ಕಲ್ಪನೆಯಿಂದ ತುಂಬಿದೆ. ಒಂಬತ್ತನೆಯದಕ್ಕೆ ಏನೂ ಹೊಳೆಯದೆ, ಏಳು ದಿನ ನನ್ನದೇ ಗುರುತು ಹಾಕುತ್ತಾ ಹೋದೆ. ವಿಳಾಸದ ಜಾಗ ಆಗ ಖಾಲಿ ಬಿಟ್ಟಿದ್ದೆ, ಇವತ್ತು ಬರೆದಿದ್ದೇನೆ. ಭಾನುವಾರ ಮಧ್ಯಾಹ್ನ ಮನೆಯಲ್ಲೇ ಇರುತ್ತೇನೆ. ಬರುವುದಾದರೆ ಒಂದು ಖಾಲಿ ಹಾಳೆ ತಾ.